ಮನವಿಯ ಭಾಷೆ ಮತ್ತು ಶಾಸನದ ಭಾಷೆ



ಕಾವ್ಯವನ್ನೋ ಗ್ರಂಥವನ್ನೋ ಎತ್ತಿಕೊಂಡು ಅದರ ಗುಣದೋಷಗಳನ್ನು ತೂಗಿ ನೋಡುವುದು ವಿಮರ್ಶೆಯ ರೂಢಿಯ ಮಾರ್ಗ. ಈ ಸಲ ನಾವು ಕೈಗೆತ್ತಿಕೊಂಡಿರುವುದು ಯಾರೂ ಸಾಹಿತ್ಯವೆಂದು ಎಣಿಸದ ಒಂದು ಬರವಣಿಗೆಯನ್ನು. ಅದು ಮನವಿಪತ್ರ. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮದ ಖಾಸಗಿ ಶಾಲೆಗಳನ್ನು ವೇತನಾನುದಾನಕ್ಕೆ ಒಳಪಡಿಸಬೇಕೆಂಬ ಬೇಡಿಕೆ ನಾಡಿನ ಎಲ್ಲೆಡೆಯಂತೆ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಿಂದಲೂ ಅನೇಕ ವರ್ಷಗಳಿಂದ ಕೇಳಿಬರುತ್ತಿದೆ. ತಹಶೀಲ್ದಾರರ ಕಚೇರಿಯ ಮೆಟ್ಟಿಲ ಮೇಲೆ, ಮಂತ್ರಿಗಳು ಇಳಿದುಕೊಂಡ ಪ್ರವಾಸಿ ಮಂದಿರದಲ್ಲಿ, ಚಳಿಗಾಲದ ಅಧಿವೇಶನ ನಡೆಯುವಾಗ ಬೆಳಗಾವಿಯ ಸುವರ್ಣ ವಿಧಾನಸೌಧದ ಸಮೀಪ, ಇಂಥ ಕಾಗದಗಳು ಕೈಯಿಂದ ಕೈಗೆ ಹೋಗುತ್ತವೆ. ಛಾಯಾಚಿತ್ರವಾಗುತ್ತದೆ. ಮರುದಿನದ ಪತ್ರಿಕೆಯಲ್ಲಿ ನಾಲ್ಕು ಸಾಲು ಸುದ್ದಿ ಬರುತ್ತದೆ. ಆ ಕಾಗದದಲ್ಲಿ ಏನು ಬರೆದಿತ್ತೆಂಬುದನ್ನು ಓದಿ ವಿಚಾರಿಸಿದವರು ವಿರಳ.

ಬೇಡಿಕೆ ನ್ಯಾಯವಾದದ್ದು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಅದನ್ನು ಕೇಳುತ್ತಿರುವ ಭಾಷೆ ತಪ್ಪಾಗಿದೆ, ಮತ್ತು ಆ ಭಾಷೆಯ ತಪ್ಪಿನಿಂದಲೇ ಬೇಡಿಕೆ ಸೋಲುತ್ತಿದೆ ಎಂಬುದು ಈ ಲೇಖನದ ವಾದ.

ಮೊದಲು ಪಣಕ್ಕಿಟ್ಟಿರುವುದೇನೆಂಬುದನ್ನು ಮನಗಾಣೋಣ. ಪ್ರಾದೇಶಿಕ ಅಸಮತೋಲನ ಕುರಿತು 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಈ ನಾಲ್ಕೂ ತಾಲೂಕುಗಳು ಆ ಪಟ್ಟಿಯಲ್ಲಿವೆ. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಕುಟುಂಬಗಳು ಗುಳೆ ಹೋಗುತ್ತವೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವೆಗೆ. ತಂದೆತಾಯಿಗಳ ಬೆನ್ನು ಹತ್ತಿ ಹೋದ ಮಗು ಶಾಲೆಗೆ ಎರವಾಗುತ್ತದೆ. ಊರಲ್ಲೇ ಉಳಿಯುವ ಮಗು ಉಳಿಯುವುದು ಅಜ್ಜಿಯ ಮನೆಯಲ್ಲಿ, ಇಲ್ಲವೆ ಮಠದ, ಸಂಘದ ಪ್ರಸಾದ ನಿಲಯದಲ್ಲಿ. ಇಂಥ ನಿಲಯಕ್ಕೆ ಅಂಟಿಕೊಂಡ ಕನ್ನಡ ಶಾಲೆಯ ಬೆಲೆಯನ್ನು ಪಟ್ಟಣದ ಲೆಕ್ಕದಲ್ಲಿ ಅಳೆಯಲಾಗದು. ಅಂಥ ಶಾಲೆ ಅನುದಾನರಹಿತವಾಗಿದ್ದರೆ ಅದರ ಶಿಕ್ಷಕನ ಸಂಬಳ ಬಡ ಪಾಲಕರ ಶುಲ್ಕದಿಂದ, ಆಡಳಿತ ಮಂಡಳಿಯ ಕೃಪೆಯಿಂದ ಬರತಕ್ಕದ್ದು. ಪದವಿ ಪಡೆದು, ಬಿ.ಎಡ್. ಮುಗಿಸಿ ಹದಿನೈದು ಇಪ್ಪತ್ತು ವರ್ಷ ಪಾಠ ಹೇಳಿದವನ ಕೈಗೆ ಬರುವ ಮೊತ್ತ ಅದೇ ಊರಿನ ಸರಕಾರಿ ಶಾಲೆಯ ಶಿಕ್ಷಕನ ವೇತನದ ಒಂದು ಸಣ್ಣ ತುಣುಕು. ಪಾಠ ಒಂದೇ, ಪುಸ್ತಕ ಒಂದೇ, ಪರೀಕ್ಷೆಯೂ ಒಂದೇ.

ಇಷ್ಟು ಗಟ್ಟಿಯಾದ ಸಂಗತಿಯನ್ನು ಮನವಿಪತ್ರ ಹೇಗೆ ಹೇಳುತ್ತದೆ? ಇಂಥ ಪತ್ರಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚು. ಆರಂಭದಲ್ಲಿ ಮಂತ್ರಿಗಳ ಗುಣಗಾನ. ಆಮೇಲೆ ಸಂಸ್ಥೆಯ ಸ್ಥಾಪನೆಯ ವರ್ಷ, ಸಂಸ್ಥಾಪಕರ ತ್ಯಾಗ. ಬಳಿಕ ಸಿಬ್ಬಂದಿಯ ಸಂಕಷ್ಟ. ಕಟ್ಟಕಡೆಗೆ ಕೃಪೆ ತೋರಬೇಕು, ದಯಪಾಲಿಸಬೇಕು, ಅನುಗ್ರಹಿಸಬೇಕು ಎಂಬ ಕ್ರಿಯಾಪದಗಳ ಸಾಲು. ದೇವರ ಮುಂದೆ ನಿಂತು ಆಡತಕ್ಕ ಮಾತುಗಳನ್ನು ಐದು ವರ್ಷಕ್ಕೊಮ್ಮೆ ನಮ್ಮ ಮನೆಯ ಬಾಗಿಲಿಗೆ ಬಂದು ಕೈಮುಗಿಯುವವರ ಮುಂದೆ ಆಡುತ್ತೇವೆ. ಇದು ವಿನಯವೆಂದು ಕೆಲವರು ತಿಳಿದಿದ್ದಾರೆ. ವಿನಯವು ಸತ್ಯವನ್ನು ಮೃದುವಾಗಿ ಹೇಳುತ್ತದೆ. ಈ ಒಕ್ಕಣೆ ಸತ್ಯವನ್ನೇ ಮರೆಸುತ್ತದೆ. ಯಾವ ಕಾಯಿದೆಯ ಯಾವ ನಿಯಮ ಅಡ್ಡಿಯಾಗಿದೆ, ಅದನ್ನು ಹೇಗೆ ತಿದ್ದಬೇಕು, ತಿದ್ದಿದರೆ ಬೊಕ್ಕಸಕ್ಕೆ ಬೀಳುವ ಭಾರವೆಷ್ಟು, ಆ ಹಣ ಪಡೆದವರು ಯಾವ ಹೊಣೆ ಹೊರುತ್ತಾರೆ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಜಾಗವಿಲ್ಲ. ಮಗು ಬರುವುದು ಅಂಕಿಯಾಗಿ ಮಾತ್ರ: ಇಷ್ಟು ವಿದ್ಯಾರ್ಥಿಗಳು ಕಲಿಯುತ್ತಿದ್ದಾರೆ, ಅಷ್ಟೆ.

ವ್ಯಕ್ತಿಗೆ ಬರೆದ ಪತ್ರಕ್ಕೆ ವ್ಯಕ್ತಿಯೇ ಉತ್ತರ ಕೊಡುತ್ತಾನೆ. ಪರಿಶೀಲಿಸುತ್ತೇನೆ ಎನ್ನುತ್ತಾನೆ. ಆತನ ಖಾತೆ ಬದಲಾದ ದಿನ ಪರಿಶೀಲನೆಯೂ ಮುಗಿಯುತ್ತದೆ.

ಈಗ ಮನವಿಪತ್ರ ಓದದ ಆ ಇನ್ನೊಂದು ಪಠ್ಯಕ್ಕೆ ಬರೋಣ. ಕರ್ನಾಟಕ ಶಿಕ್ಷಣ ಕಾಯಿದೆಗೆ 1983ರ ಕಾಯಿದೆ ಎಂದು ಹೆಸರು. ಆದರೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1993ರಲ್ಲಿ. ಜಾರಿಗೆ ಬಂದದ್ದು 1995ರಲ್ಲಿ. ಆ ಮಸೂದೆ ಅಂಗೀಕಾರವಾದ ವರ್ಷ ಒಂದನೆಯ ಇಯತ್ತೆಗೆ ಸೇರಿದ ಮಗು ಹತ್ತನೆಯದನ್ನು ಮುಗಿಸುವಷ್ಟರಲ್ಲಿ ಅಂಕಿತ ಬಂದಿತ್ತು! ಈ ಕಾಯಿದೆ ಶಾಲೆಯ ನೋಂದಣಿ, ಮಾನ್ಯತೆ, ಮಾನ್ಯತೆಯ ರದ್ದು, ನೌಕರರ ಶಿಸ್ತು, ಮೇಲ್ಮನವಿ ಇವುಗಳನ್ನೆಲ್ಲ ವಿವರವಾಗಿ ಹೇಳುತ್ತದೆ. ಆಡಳಿತ ಮಂಡಳಿ ಶಿಕ್ಷಕನನ್ನು ವಜಾ ಮಾಡಿದರೆ ಆತ 94ನೆಯ ಕಲಮಿನಂತೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಲಿಗೆ ಹೋಗಬಹುದು. ಅದು ಹಕ್ಕು, ಯಾರ ಕೃಪೆಯೂ ಬೇಕಿಲ್ಲ. ಅನುದಾನದ ಭಾಗಕ್ಕೆ ಬಂದಾಗ ಮಾತ್ರ ಧಾಟಿ ಬದಲಾಗುತ್ತದೆ. ಅಲ್ಲಿ ಸರಕಾರದ ಆರ್ಥಿಕ ಶಕ್ತಿ ಅಳತೆಗೋಲಾಗುತ್ತದೆ. ಯಾರಿಗೆ, ಎಂದಿನಿಂದ, ಎಷ್ಟು ಎಂಬುದೆಲ್ಲ ನಿಯಮಗಳಿಗೂ ಆದೇಶಗಳಿಗೂ ಬಿಟ್ಟ ಮಾತು. ಮಾನ್ಯತೆ ಬೇರೆ, ಅನುದಾನ ಬೇರೆ. ಮಾನ್ಯತೆ ಪಡೆದ ಶಾಲೆ ಕಾಯಿದೆಯ ಎಲ್ಲ ಕಟ್ಟಳೆಗಳನ್ನೂ ಪಾಲಿಸತಕ್ಕದ್ದು. ಅಷ್ಟಕ್ಕೇ ಅದು ಸಹಾಯಕ್ಕೆ ಅರ್ಹವಾಗದು.

ಹೀಗಾಗಿಯೇ ಗೆರೆಗಳು ಹುಟ್ಟಿದವು. 1987ರ ಮೊದಲಿನ ಶಾಲೆಗಳದು ಒಂದು ಬಗೆ. 1987ರಿಂದ 1995ರೊಳಗೆ ಹುಟ್ಟಿದ ಕನ್ನಡ ಶಾಲೆಗಳು ಬಹಳ ಕಾಲ ಕಾದು, ಹಂತ ಹಂತವಾಗಿ ಒಳಗೆ ಬಂದವು. 1995ರ ನಂತರದವು ಹೊರಗೆ ಉಳಿದವು. ಈ ಗೆರೆ ಆಡಳಿತ ನೀತಿಯಲ್ಲಿ ಎಳೆದದ್ದು. ಕೃಷ್ಣಾತೀರದ ಓದುಗರು ಇದರ ವಿಡಂಬನೆಯನ್ನು ಸುಲಭವಾಗಿ ಗ್ರಹಿಸುವರು. ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಏರುತ್ತ ಬಂದಂತೆ ಹಿಂದಿನ ಬಾಗೇವಾಡಿ, ಮುದ್ದೇಬಿಹಾಳ ತಾಲೂಕುಗಳ ಎಷ್ಟೋ ಹಳ್ಳಿಗಳು ಪುನರ್ವಸತಿ ಕೇಂದ್ರಗಳಿಗೆ ಎದ್ದು ಹೋದದ್ದು ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಮತ್ತು ಅದರ ಆಚೆಗೆ. ಸರಕಾರದ ಯೋಜನೆಗಾಗಿಯೇ ಊರು ಬಿಟ್ಟ ಜನ ಹೊಸ ಊರಿನಲ್ಲಿ ತಮ್ಮ ಮಕ್ಕಳಿಗೆಂದು ಒಂದು ಕನ್ನಡ ಶಾಲೆ ಕಟ್ಟಿಕೊಂಡರೆ ಆ ಶಾಲೆ 1995ರ ನಂತರದ್ದಾಗುವುದು ಅನಿವಾರ್ಯವಷ್ಟೆ! ಇಂಥ ಶಾಲೆಗಳಿಗೆ ವಿನಾಯಿತಿ ಇರಲಿ ಎಂಬ ಒಂದೇ ಒಂದು ಖಚಿತ ವಾಕ್ಯ, ಪುಟಗಟ್ಟಲೆ ಪ್ರಾರ್ಥನೆಗಿಂತ ಹೆಚ್ಚು ಕೆಲಸ ಮಾಡೀತು.

ನ್ಯಾಯಾಲಯ ಈ ತೊಡಕನ್ನು ಬಿಡಿಸೀತೆಂದು ಕಾಯುವವರೂ ಇದ್ದಾರೆ. ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರಿನಲ್ಲಿ ಅನುದಾನ ಪಡೆಯುವುದು ಮೂಲಭೂತ ಹಕ್ಕಲ್ಲ, ಅದು ಸರಕಾರದ ನೀತಿಗೆ ಸೇರಿದ ವಿಷಯ ಎಂದು ಸ್ಪಷ್ಟಪಡಿಸಿದೆ. ಹಾಗಾದರೆ ಉಳಿದ ದಾರಿ ಶಾಸನಸಭೆಯದೇ. ಅಲ್ಲಿಯೂ ಎಚ್ಚರವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮದೇ ರಾಜ್ಯದ 2014ರ ಕಾಯಿದೆಯನ್ನು ನೋಡಬೇಕು. ಅನುದಾನಿತ ಖಾಸಗಿ ಶಾಲೆಗಳ ನೌಕರರು ತಮ್ಮ ಶಾಲೆ ಅನುದಾನಕ್ಕೆ ಒಳಪಡುವ ಮುನ್ನ ಸಲ್ಲಿಸಿದ ಸೇವೆಯನ್ನೂ ವೇತನ, ನಿವೃತ್ತಿವೇತನಗಳಿಗೆ ಎಣಿಸಬೇಕೆಂದು ಉಚ್ಚ ನ್ಯಾಯಾಲಯದಿಂದ ತೀರ್ಪುಗಳನ್ನು ತಂದರು. ಕಾಲ್ಪನಿಕ ವೇತನವೆಂದು ಇದಕ್ಕೆ ಹೆಸರಾಯಿತು. ಸರಕಾರವೋ ಒಂದು ಶಾಸನವನ್ನೇ ತಂದು ಆ ಸೇವೆಯನ್ನು ಲೆಕ್ಕದಿಂದ ತೆಗೆದುಹಾಕಿತು. ನೌಕರರು ಕೋರ್ಟಿನಲ್ಲಿ ಗೆದ್ದದ್ದನ್ನು ಸದನದಲ್ಲಿ ಕಳೆದುಕೊಂಡರು. ಮಸೂದೆಯ ಪ್ರತಿಯನ್ನು ಅದು ಮಂಡನೆಯಾದ ದಿನವೇ ತರಿಸಿ ಓದುವ ಅಭ್ಯಾಸ ನಮ್ಮ ಸಂಸ್ಥೆಗಳಿಗಿದ್ದಿದ್ದರೆ ಕನಿಷ್ಠ ಒಂದು ಚರ್ಚೆಯಾದರೂ ಆಗುತ್ತಿತ್ತೇನೋ. ಕಾಯಿದೆಯಾದ ಮೇಲೆ ಏಳುವ ಕೂಗು ಮಳೆ ನಿಂತ ಮೇಲೆ ಹಿಡಿದ ಕೊಡೆ.

ಜನಬಲವೊಂದಿದ್ದರೆ ಸಾಕು, ಪಠ್ಯದ ಗೊಡವೆ ಏಕೆ ಎನ್ನುವವರಿಗೆ ಗೋಕಾಕ ಚಳವಳಿಯ ಮುಂದಿನ ಕಥೆಯನ್ನು ನೆನಪಿಸಬೇಕಾಗಿದೆ. 1982ರಲ್ಲಿ ಆ ಚಳವಳಿ ತುಂಬಿ ಹರಿದಂತೆ ಕನ್ನಡ ನಾಡಿನಲ್ಲಿ ಬೇರೆ ಯಾವ ಶೈಕ್ಷಣಿಕ ಬೇಡಿಕೆಯೂ ತುಂಬಿ ಹರಿದಿಲ್ಲ. ಸರಕಾರ ಮಣಿಯಿತು, ಆದೇಶ ಹೊರಡಿಸಿತು. ಆದರೆ ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯೆಂಬ ಆ ಆದೇಶ 1989ರಲ್ಲಿ ಉಚ್ಚ ನ್ಯಾಯಾಲಯದ ಮುಂದೆ ನಿಲ್ಲಲಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಕಡ್ಡಾಯಗೊಳಿಸಿದ 1994ರ ಆದೇಶವೂ 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದಲ್ಲಿ ಬಿದ್ದಿತು. ಆ ತೀರ್ಪಿನ ಬಳಿಕ ಸರಕಾರ ಯಾವ ಖಾಸಗಿ ಶಾಲೆಗೂ ಕನ್ನಡದಲ್ಲೇ ಕಲಿಸೆಂದು ಬಲಾತ್ಕರಿಸಲಾಗದು. ಬಲವಂತದ ಕೈ ಕಟ್ಟಿಹೋದ ಮೇಲೆ ಉಳಿದದ್ದು ಪ್ರೋತ್ಸಾಹದ ಕೈ. ಕನ್ನಡದಲ್ಲಿ ಕಲಿಸುತ್ತೇನೆಂದು ತಾನಾಗಿ ಮುಂದೆ ಬಂದ ಶಾಲೆಗೆ ಆ ಕೈಯನ್ನೂ ಚಾಚದಿದ್ದರೆ ಭಾಷಾನೀತಿಯೆಂಬ ಮಾತಿಗೆ ಅರ್ಥವೇನು? ಇದು ಅನುದಾನದ ಪರವಾದ ಅತ್ಯಂತ ಬಲವಾದ ವಾದವೆಂದು ನಾವು ಭಾವಿಸುತ್ತೇವೆ.

ಭೀಮೆಯ ಆಚೆ ದಂಡೆಯ ಅಫಜಲಪುರಕ್ಕೆ 371-ಜೆ ಅನುಚ್ಛೇದದ ನೆರಳಿದೆ. ಈಚೆಯ ಸಿಂದಗಿ, ಇಂಡಿಗಳಿಗಿಲ್ಲ. ನೆಲ ಒಂದೇ, ಬರ ಒಂದೇ. ಅಲ್ಲಿಯ ಹೋರಾಟ ದಶಕಗಳ ಕಾಲ ಸಂವಿಧಾನದ ತಿದ್ದುಪಡಿಯೆಂಬ ಒಂದೇ ಗುರಿಯನ್ನು ಹಿಡಿದು 2012ರಲ್ಲಿ ಅದನ್ನು ಸಂಸತ್ತಿನಿಂದ ಬರೆಯಿಸಿಕೊಂಡಿತು. ನೆರೆಯವರಿಂದ ಕಲಿಯಬೇಕಾದ ಪಾಠ ಅಲ್ಲಿಯೂ ಇದೆ.

ಇನ್ನೂ ಹಿಂದಕ್ಕೆ ಹೋಗೋಣ. 1910ರ ಮಾರ್ಚಿನಲ್ಲಿ ಗೋಪಾಲಕೃಷ್ಣ ಗೋಖಲೆಯವರು ಸಾಮ್ರಾಜ್ಯದ ಶಾಸನಸಭೆಯಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಬಗ್ಗೆ ಒಂದು ಗೊತ್ತುವಳಿ ತಂದರು. ವಿಷಯವನ್ನು ಪರಿಶೀಲಿಸುವುದಾಗಿ ಸರಕಾರ ಆಶ್ವಾಸನೆ ಕೊಟ್ಟಿತು. ಗೋಖಲೆಯವರು ಗೊತ್ತುವಳಿಯನ್ನು ಹಿಂತೆಗೆದುಕೊಂಡರು. ನಮ್ಮ ಮನವಿದಾರರ ಕಥೆ ಇಲ್ಲಿಗೇ ಮುಗಿಯುತ್ತದೆ. ಗೋಖಲೆಯವರದು ಇಲ್ಲಿಂದ ಆರಂಭವಾಗುತ್ತದೆ. ಮರುವರ್ಷ, 1911ರ ಮಾರ್ಚಿನಲ್ಲಿ, ಅವರು ಕಲಮು ಕಲಮಾಗಿ ಬರೆದ ಒಂದು ಮಸೂದೆಯನ್ನೇ ತಂದು ಸಭೆಯ ಮುಂದಿಟ್ಟರು. ಹಣ ಎಲ್ಲಿಂದ, ಯಾರು ವಸೂಲು ಮಾಡತಕ್ಕದ್ದು, ಯಾವ ಪ್ರದೇಶಕ್ಕೆ ಯಾವಾಗ ಅನ್ವಯ ಎಂಬುದಕ್ಕೆಲ್ಲ ಅದರಲ್ಲಿ ಉತ್ತರವಿತ್ತು. 1912ರಲ್ಲಿ 13ಕ್ಕೆ 38 ಮತಗಳಿಂದ ಅದು ಸೋತಿತು. ಆದರೆ ಬರೆದಿಟ್ಟ ಮಸೂದೆ ಸೋತರೂ ಉಳಿಯುತ್ತದೆ. ವಿಠ್ಠಲಭಾಯಿ ಪಟೇಲರು 1918ರಲ್ಲಿ ಮುಂಬಯಿ ಪ್ರಾಂತದಲ್ಲಿ ಅದೇ ಜಾಡಿನ ಕಾಯಿದೆಯನ್ನು ಮಾಡಿಸಿದರು. 1923ರಲ್ಲಿ ಇನ್ನೂ ವ್ಯಾಪಕವಾದ ಪ್ರಾಥಮಿಕ ಶಿಕ್ಷಣ ಕಾಯಿದೆ ಬಂತು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತೆಂಬುದನ್ನು ಮರೆಯಬಾರದು.

ಅದೇ 1910ರಲ್ಲಿ ಆಗಿನ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ವಚನ ಪಿತಾಮಹರೆಂದು ನಾವು ಅವರನ್ನು ನೆನೆಯುತ್ತೇವೆ. ಅವರು ವಕೀಲರಾಗಿದ್ದರು, 1920ರಲ್ಲಿ ಮುಂಬಯಿ ಶಾಸನ ಪರಿಷತ್ತಿಗೆ ಚುನಾಯಿತರಾಗಿದ್ದರು ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ತಾಡವೋಲೆಯ ಒಂದು ಪಾಠವನ್ನು ಇನ್ನೊಂದರೊಡನೆ ಹೋಲಿಸಿ ಅಕ್ಷರಕ್ಕೆ ಅಕ್ಷರ ಕೂಡಿಸಿ ನೋಡಿದ ಕಣ್ಣು ಅದು. ಶಾಸನದ ಪಠ್ಯಕ್ಕೂ ಅಂಥ ಕಣ್ಣೇ ಬೇಕು. ಇಂದು ಸಂಸ್ಥೆಗಳ ಪರವಾಗಿ ಸದನಕ್ಕೆ ಹೋಗುವವರು ಕಡಮೆಯಿಲ್ಲ. ಸಂಸ್ಥೆಗಳನ್ನು ಕಟ್ಟಿದವರು, ನಡೆಸುವವರು ಉಭಯ ಸದನಗಳಲ್ಲಿ ಎಲ್ಲ ಪಕ್ಷಗಳಿಂದಲೂ ಕುಳಿತಿದ್ದಾರೆ. ಕಡಮೆಯಾದದ್ದು ಓದು.

ಇಂಡಿ ತಾಲೂಕಿನ ಬಂಥನಾಳದ ಲಿಂಗೈಕ್ಯ ಸಂಗನಬಸವ ಶಿವಯೋಗಿಗಳು ಜೋಳಿಗೆ ಹಿಡಿದು ಹಳ್ಳಿಹಳ್ಳಿ ತಿರುಗಿ ಆ ಸಂಸ್ಥೆಗೆ ಜೀವ ತುಂಬಿದ್ದು ಈ ಭಾಗದ ಮನೆಮನೆಯ ಮಾತು. ಮನವಿಯನ್ನು ಸಮರ್ಥಿಸುವವರು ಈ ಜೋಳಿಗೆಯನ್ನೇ ಉದಾಹರಿಸುವುದುಂಟು: ಶಿವಯೋಗಿಗಳೇ ಬೇಡಿದರು, ನಾವು ಬೇಡಿದರೆ ತಪ್ಪೇನು? ಎರಡಕ್ಕೂ ಇರುವ ಅಂತರ ಅಜಗಜಾಂತರ. ಶಿವಯೋಗಿಗಳ ಜೋಳಿಗೆಗೆ ಒಂದು ಸೇರು ಜೋಳ ಹಾಕಿದ ಒಕ್ಕಲಿಗ ಆ ಶಾಲೆಯ ಪಾಲುದಾರನಾದ; ನಾಳೆ ಬಂದು ನನ್ನ ಜೋಳ ಏನಾಯಿತೆಂದು ಕೇಳುವ ಅಧಿಕಾರ ಅವನಿಗಿತ್ತು. ಸರಕಾರದ ಬೊಕ್ಕಸದಲ್ಲಿರುವುದು ಅದೇ ಒಕ್ಕಲಿಗನ ತೆರಿಗೆಯ ಹಣ. ಅದನ್ನು ಮಂತ್ರಿಯ ಕೃಪೆಯೆಂದು ಬೇಡಿ ಪಡೆದಾಗ ಕೇಳುವ ಅಧಿಕಾರ ಒಕ್ಕಲಿಗನ ಕೈತಪ್ಪಿ ಮಂತ್ರಿಯ ಕೈ ಸೇರುತ್ತದೆ. ಕೆಲವು ಆಡಳಿತ ಮಂಡಳಿಗಳಿಗೆ ಇದು ಅನುಕೂಲವೆಂಬುದೂ ಸತ್ಯ. ಮಂತ್ರಿಯನ್ನು ವರ್ಷಕ್ಕೊಮ್ಮೆ ಸನ್ಮಾನಿಸಿದರೆ ಸಾಕು. ಒಕ್ಕಲಿಗನಿಗೆ ಲೆಕ್ಕ ಒಪ್ಪಿಸುವುದು ಕಷ್ಟ.

ಕಹಿಯಾದ ಇನ್ನೊಂದು ಮಾತನ್ನೂ ಆಡಿಬಿಡುವುದು ಲೇಸು. ಅನುದಾನ ಬರುವ ಸೂಚನೆ ಕಂಡೊಡನೆ ಹುದ್ದೆಗಳಿಗೆ ಬೆಲೆ ಕಟ್ಟುವ ಚಾಳಿ ನಾಡಿನಲ್ಲಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲವರಾರು? ಸರಕಾರ ಸಂಬಳ ಕೊಡುವ ಹುದ್ದೆಗೆ ಸಂಸ್ಥೆ ಮುಂಗಡ ವಸೂಲು ಮಾಡುವುದನ್ನು ಕಾಯಕ, ದಾಸೋಹಗಳ ಹೆಸರು ಹೇಳುವ ಬಾಯಿಂದ ಸಮರ್ಥಿಸಲಾಗದು. ಈ ಪ್ರಶ್ನೆಯನ್ನು ಹಿಂದೆ ಕೇರಳ ಎದುರಿಸಿತು. 1957ರಲ್ಲಿ ಅಲ್ಲಿಯ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿಯವರು ತಂದ ಮಸೂದೆ, ಸಂಬಳ ಸರಕಾರದ್ದಾದರೆ ನೇಮಕವೂ ಸರಕಾರ ಸಿದ್ಧಪಡಿಸಿದ ಪಟ್ಟಿಯಿಂದಲೇ ಆಗಲಿ ಎಂದಿತು. ಆಡಳಿತ ಮಂಡಳಿಗಳು ಜನರನ್ನು ಬೀದಿಗಿಳಿಸಿದವು. ಮಸೂದೆ ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯಕ್ಕೆ ಹೋಗಿ ಬಂತು. 1959ರ ಜುಲೈ 31ರಂದು ಸರಕಾರವೇ ವಜಾ ಆಯಿತು. ಆ ಚಳವಳಿಗೆ ಬೇರೆ ಕಾರಣಗಳೂ ಸೇರಿದ್ದವೆನ್ನಿ. ಕೊನೆಗೆ ನೇಮಕದ ಅಧಿಕಾರ ಮಂಡಳಿಗಳ ಕೈಯಲ್ಲೇ ಉಳಿಯಿತು, ಸಂಬಳ ಬೊಕ್ಕಸದ ತಲೆಗೆ ಬಂತು. ಜನಬಲದ ದೃಷ್ಟಿಯಿಂದ ಅದು ಗೆಲುವು. ನೀತಿಯ ದೃಷ್ಟಿಯಿಂದ ಅದನ್ನು ಗೆಲುವೆನ್ನಲು ನಮ್ಮ ಲೇಖನಿ ಹಿಂಜರಿಯುತ್ತದೆ.

ಅಮೇರಿಕೆಯಲ್ಲಿ ಇದೇ ಪ್ರಶ್ನೆಗೆ ಬೇರೊಂದು ರೂಪವಿದೆ. ಅಲ್ಲಿ ಚಾರ್ಟರ್ ಶಾಲೆಗಳೆಂಬವು ಇವೆ. 1991ರಲ್ಲಿ ಮಿನೆಸೋಟ ರಾಜ್ಯ ಇವಕ್ಕಾಗಿ ಮೊದಲ ಕಾಯಿದೆ ಮಾಡಿತು. ಹಣ ಸಾರ್ವಜನಿಕರದು, ಆಡಳಿತ ಒಂದು ಸ್ವತಂತ್ರ ಮಂಡಳಿಯದು, ನಡುವೆ ಇಂತಿಷ್ಟು ವರ್ಷದ ಲಿಖಿತ ಕರಾರು. ಕರಾರಿನಂತೆ ಮಕ್ಕಳು ಕಲಿಯದಿದ್ದರೆ ಶಾಲೆ ಮುಚ್ಚತಕ್ಕದ್ದು. ನಮ್ಮ ಅನುದಾನಿತ ಶಾಲೆಗೆ ಇದು ಹತ್ತಿರದ ದಾಯಾದಿ. ನಮ್ಮಲ್ಲಿ ಈ ಪದ್ಧತಿ ಇನ್ನೂ ಹಳೆಯದು, 1854ರ ವುಡ್ ಮಹಾಶಯನ ಖಲೀತೆಯಿಂದ ಬಂದದ್ದು. ಸ್ಥಳೀಯರ ಆಡಳಿತ ಸಮರ್ಪಕವಾಗಿರಬೇಕು, ಸರಕಾರದ ತಪಾಸಣೆಗೆ ಒಪ್ಪಬೇಕು ಎಂಬ ನಿಬಂಧನೆಗಳು ಅದರಲ್ಲೇ ಇದ್ದವು. ಕಾಲಾಂತರದಲ್ಲಿ ನಿಬಂಧನೆ ಸವೆದು ಅನುದಾನವೊಂದೇ ಉಳಿಯಿತು.

ಆ ಚಾರ್ಟರ್ ಶಾಲೆಗಳೂ ಶಾಸನಕ್ಕಾಗಿ ಜನರನ್ನು ಕೂಡಿಸುತ್ತವೆ. 2014ರ ಮಾರ್ಚ್ 4ರಂದು ನ್ಯೂಯಾರ್ಕ್ ನಗರದ ಹಲವಾರು ಚಾರ್ಟರ್ ಶಾಲೆಗಳು ತರಗತಿ ಮುಚ್ಚಿ ಮಕ್ಕಳನ್ನೂ ಪಾಲಕರನ್ನೂ ಬಸ್ಸುಗಳಲ್ಲಿ ರಾಜ್ಯದ ರಾಜಧಾನಿಯಾದ ಆಲ್ಬನಿಗೆ ಕರೆದೊಯ್ದವು. ರಾಜ್ಯಪಾಲರೇ ಬಂದು ಭಾಷಣ ಮಾಡಿದರು. ಅಲ್ಲಿಯ ರಾಜ್ಯಪಾಲರೆಂದರೆ ಚುನಾಯಿತ ಆಡಳಿತ ಮುಖ್ಯಸ್ಥರು. ಕೆಲವೇ ವಾರಗಳಲ್ಲಿ, ನಗರವು ಇಂಥ ಶಾಲೆಗಳಿಗೆ ಸ್ಥಳ ಕೊಡಬೇಕು ಇಲ್ಲವೆ ಬಾಡಿಗೆ ತೆರಬೇಕು ಎಂಬ ನಿಯಮ ಆಯವ್ಯಯದೊಡನೆ ಶಾಸನವಾಯಿತು. ಬೇಡಿಕೆ ಒಂದೇ, ಖಚಿತ. ಕೇಳಿದ ಕಾಲ ಆಯವ್ಯಯ ಅಂಗೀಕಾರದ ಮುನ್ನಾ ದಿನಗಳು. ಚತುರತೆಯನ್ನು ಮೆಚ್ಚಲೇಬೇಕು, ಶಾಲೆ ಮುಚ್ಚಿ ಮಕ್ಕಳನ್ನು ಒಯ್ದದ್ದನ್ನು ಮೆಚ್ಚಲಾಗದು. ಎರಡು ವರ್ಷಗಳ ಬಳಿಕ ಮ್ಯಾಸಚುಸೆಟ್ಸ್ ರಾಜ್ಯದಲ್ಲಿ ಚಾರ್ಟರ್ ಶಾಲೆಗಳ ಸಂಖ್ಯೆಯ ಮಿತಿಯನ್ನು ಏರಿಸಬೇಕೆಂಬ ಪ್ರಶ್ನೆ ನೇರವಾಗಿ ಮತದಾರರ ಮುಂದೆ ಹೋದಾಗ ನೂರಕ್ಕೆ 62ರಷ್ಟು ಜನ ಬೇಡವೆಂದರು. ನೆರೆಯ ಸರಕಾರಿ ಶಾಲೆಯ ಹಣ ಅತ್ತ ಹರಿದು ಹೋದೀತೆಂಬ ಅಂಜಿಕೆ ಅವರನ್ನು ಕಾಡಿತ್ತು. ಬೆಂಬಲಿಗರ ಬಳಿ ಆ ಅಂಜಿಕೆಗೆ ತಕ್ಕ ಉತ್ತರವಿರಲಿಲ್ಲ.

ನಮ್ಮ ಮನವಿಪತ್ರಗಳಲ್ಲಿಯೂ ಅದಕ್ಕೆ ಉತ್ತರವಿಲ್ಲ. ನಮ್ಮ ಶಾಲೆಗೆ ಅನುದಾನ ಬಂದರೆ ಅದೇ ಊರಿನ ಸರಕಾರಿ ಕನ್ನಡ ಶಾಲೆಯ ಗತಿಯೇನೆಂದು ಯಾರಾದರೂ ಕೇಳಿಯಾರು; ಕೇಳುವುದು ನ್ಯಾಯವೂ ಹೌದು. ಸರಕಾರಿ ಶಾಲೆ ಹತ್ತಿರವಿಲ್ಲದ ಊರು, ಸರಕಾರಿ ಪ್ರೌಢಶಾಲೆ ದೂರವಾಗಿ ಹೆಣ್ಣುಮಕ್ಕಳು ಏಳನೆಯ ಇಯತ್ತೆಗೇ ಶಾಲೆ ಬಿಡುವ ಊರು, ಗುಳೆಯ ಮಕ್ಕಳಿಗೆ ನಿಲಯವಿರುವ ಶಾಲೆ, ಪುನರ್ವಸತಿಯ ಊರು, ಇವುಗಳಿಗೆ ಮೊದಲ ಪ್ರಾಶಸ್ತ್ಯವೆಂದು ನಾವೇ ಬರೆದುಕೊಡಬೇಕು. ಒಂದೇ ಪೇಟೆಯಲ್ಲಿ ಪೈಪೋಟಿಗೆಂದು ತೆರೆದ ಮೂರನೆಯ, ನಾಲ್ಕನೆಯ ಶಾಲೆ ಕಾಯಲಿ. ಹೀಗೆ ಬರೆದರೆ ನಮ್ಮವರಲ್ಲೇ ಕೆಲವರು ಮುನಿದಾರು. ಎಲ್ಲರನ್ನೂ ಸಂತೋಷಪಡಿಸುವ ಮನವಿ ಬೊಕ್ಕಸದ ಲೆಕ್ಕಿಗನನ್ನು ಎಂದಿಗೂ ಒಪ್ಪಿಸದು. ಇದರ ಜೊತೆಗೆ, ವರ್ಷದ ಜಮಾಖರ್ಚನ್ನು ಗ್ರಾಮಸಭೆಯಲ್ಲಿ ಓದುತ್ತೇವೆ, ನೇಮಕಕ್ಕೆ ದೇಣಿಗೆ ಪಡೆದದ್ದು ಸಿದ್ಧವಾದರೆ ಅನುದಾನ ನಿಲ್ಲಲಿ, ಮೂರನೆಯ ಇಯತ್ತೆಯ ಮಗು ಓದಬಲ್ಲದೇ ಎಂದು ಹೊರಗಿನವರು ಬಂದು ಪರೀಕ್ಷಿಸಲಿ ಎಂಬ ಷರತ್ತುಗಳನ್ನು ನಾವಾಗಿಯೇ ಮುಂದಿಡಬೇಕು.

ಇಂಥ ಪಠ್ಯವನ್ನು ಒಯ್ಯತಕ್ಕ ಬಾಗಿಲುಗಳೂ ಬೇರೆ. ವಿಧಾನಮಂಡಲದಲ್ಲಿ ಅರ್ಜಿಗಳ ಸಮಿತಿಯಿದೆ. ಸರಕಾರ ಕಾಯಿದೆಯಡಿ ಮಾಡುವ ನಿಯಮಗಳನ್ನು ಪರಿಶೀಲಿಸುವ ಅಧೀನ ಶಾಸನ ರಚನಾ ಸಮಿತಿಯಿದೆ. ಮಂತ್ರಿಗಳು ಸದನದಲ್ಲಿ ಕೊಟ್ಟ ಮಾತನ್ನು ಬೆನ್ನಟ್ಟಲು ಭರವಸೆಗಳ ಸಮಿತಿಯಿದೆ. ಪ್ರವಾಸಿ ಮಂದಿರದಲ್ಲಿ ಕೊಟ್ಟ ಮಾತು ಆ ಸಮಿತಿಯ ಕಡತಕ್ಕೆ ಸೇರುವುದಿಲ್ಲ. ಸದನದಲ್ಲಿ ಒಬ್ಬ ಸದಸ್ಯ ಪ್ರಶ್ನೆ ಕೇಳಿ ಪಡೆದ ಉತ್ತರ ಸೇರಬಲ್ಲದು. ಮಂತ್ರಿಯಲ್ಲದ ಸದಸ್ಯನೂ ಖಾಸಗಿ ಮಸೂದೆ ತರಬಹುದು. ಅದು ಅಂಗೀಕಾರವಾಗುವುದು ಅಪೂರ್ವವೇ ಸರಿ. ಗೋಖಲೆಯವರದೂ ಅಂಗೀಕಾರವಾಗಲಿಲ್ಲ.

ಬೆಂಬಲಿಗರನ್ನು ಕೂಡಿಸುವವರು ಲಕ್ಷ್ಯದಲ್ಲಿಡಬೇಕಾದ ಇನ್ನೊಂದು ಸಂಗತಿಯುಂಟು. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳಿಗೆ ಮೀಸಲು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ಕೂಡಿ ಕರ್ನಾಟಕ ವಾಯವ್ಯ ಶಿಕ್ಷಕರ ಕ್ಷೇತ್ರವಾಗಿದೆ. ಅನುದಾನದ ಮಾತು ಪರಿಷತ್ತಿನಲ್ಲಿ ಮತ್ತೆ ಮತ್ತೆ ಏಳುವುದಕ್ಕೆ ಈ ಕ್ಷೇತ್ರಗಳೂ ಒಂದು ಕಾರಣ. ಆದರೆ ಸಂವಿಧಾನದ 171ನೆಯ ಅನುಚ್ಛೇದವನ್ನು ಬಿಡಿಸಿ ನೋಡಿದರೆ, ಪ್ರೌಢಶಾಲೆಗಿಂತ ಕೆಳಗಿನದಲ್ಲದ ಸಂಸ್ಥೆಯಲ್ಲಿ ಕನಿಷ್ಠ ಮೂರು ವರ್ಷ ಕಲಿಸಿದವರಿಗೆ ಮಾತ್ರ ಅಲ್ಲಿ ಮತಾಧಿಕಾರವೆಂದಿದೆ. ಆದ್ದರಿಂದ ಆ ಸದಸ್ಯನ ಕಿವಿಗೆ ಪ್ರೌಢಶಾಲೆಯ, ಕಾಲೇಜಿನ ಅಧ್ಯಾಪಕರ ಕಷ್ಟ ಮೊದಲು ಬೀಳುವುದು ಸಹಜ. ತಾಳಿಕೋಟೆಯ ಕಡೆಗೋ ಚಡಚಣದ ಕಡೆಗೋ ಒಂದು ಹಳ್ಳಿಯ ಅನುದಾನರಹಿತ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಅ ಆ ಇ ಈ ತಿದ್ದಿಸುವ ಶಿಕ್ಷಕಿ ಮೆರವಣಿಗೆಗೆ ಬರುತ್ತಾಳೆ, ಘೋಷಣೆ ಕೂಗುತ್ತಾಳೆ, ಮನವಿಪತ್ರಕ್ಕೆ ಸಹಿ ಹಾಕುತ್ತಾಳೆ. ಆ ಕ್ಷೇತ್ರದ ಮತದಾರರ ಯಾದಿಯಲ್ಲಿ ಅವಳ ಹೆಸರಿಲ್ಲ.